ಕಟ್ಟೆಗೆ ಬಟ್ಟೆ ಆರಿಸುತ್ತಿದ್ದವರು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಮ್ಮೆ ಟೈಪ್ ಮಾಡಿದ್ದೇನೆ, ಅಷ್ಟು ಸಾಕು.

ಕಳೆದ ವಾರ ಬಸವಕಲ್ಯಾಣದ ಬಸ್ಸಿಗೆ ರಾಜೇಶ್ವರದಲ್ಲಿ ಹತ್ತಿದ ಹೆಂಗಸೊಬ್ಬಳು ಪಕ್ಕದವಳಿಗೆ, "ಹುಮನಾಬಾದದಾಗ ಗಾದಿ ಅಂಗಡಿ ಸಾವಕಾರ್ರು ಹೋದ್ರಂತ. ನಮ್ಮ ಪಡಸಾಲಿಗಿ ಪರದಾ ಅವರೇ ಹಾಕಿ ಕೊಟ್ಟಿದ್ರು" ಎಂದಳು. ಹುಮನಾಬಾದಿನಲ್ಲಿ ಹಾಸಿಗೆ, ಪರದೆ ಹೊಲಿದುಕೊಡುವ ಗಾದಿ ಅಂಗಡಿಗಳು ನಾಲ್ಕಾರು ಇವೆ. ಆದರೆ ತಾವೇ ಮನೆಗೆ ಬಂದು ಪಡಸಾಲೆಗೆ ಪರದೆ ಹಾಕಿಕೊಡುವವರು ಒಬ್ಬರೇ. ನಾನು ಮುಂದಿನ ಸೀಟಿನ ಸರಳು ಹಿಡಿದುಕೊಂಡು ಊರು ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತಾ ಕುಳಿತೆ. ಅಳು ಬರಲಿಲ್ಲ. ಅಳುವ ಹಕ್ಕು ನನಗಿದೆಯೇ ಎಂಬುದೇ ಗೊತ್ತಾಗಲಿಲ್ಲ.

ನಾನು ಅವರನ್ನು ಕಾಕಾ ಎಂದು ಕರೆಯುತ್ತಿದ್ದೆ. ಹಣೆಗೆ ವಿಭೂತಿ, ತಲೆಗೆ ಬಿಳಿ ಟೋಪಿ, ಕಿವಿಯ ಸಂದಿಯಲ್ಲಿ ಬಟ್ಟೆಗೆ ಗುರುತು ಹಾಕುವ ಸುಣ್ಣದ ತುಂಡು. ಬಟ್ಟೆಯನ್ನು ಎಲ್ಲರೂ ಬೆರಳಿನಿಂದ ತಿಕ್ಕಿ ನೋಡುತ್ತಾರೆ. ಇವರು ಎತ್ತಿ ಗಲ್ಲಕ್ಕೆ ಒತ್ತಿಕೊಳ್ಳುತ್ತಿದ್ದರು, ಕಣ್ಣು ಬೇರೆ ಮುಚ್ಚಿಕೊಂಡು. ಹೊಸದಾಗಿ ಬಂದ ಗಿರಾಕಿಗಳು ನಗುತ್ತಿದ್ದರು. "ಕೈಗಿ ದಡ್ಡು ಬಿದ್ದಾವರಿ, ಅದಕ್ಕ ಏನೂ ತಿಳಿಯಂಗಿಲ್ಲ. ಗಲ್ಲ ಸುಳ್ಳ ಹೇಳಂಗಿಲ್ಲ" ಎನ್ನುತ್ತಿದ್ದರು.

ಅಂಗಡಿಗೆ ಬಂದವರಿಗೆ ಅವರ ಮೊದಲ ಪ್ರಶ್ನೆ, "ಒಳಗ ಕುಂದ್ರಾಕೋ, ಹೊರಗ ಕುಂದ್ರಾಕೋ?" ಒಳಗೆ ಎಂದರೆ, "ನಿಮ್ಮ ಮನಸಿಗಿ ಬಂದಿದ್ದು ತಗೋರಿ" ಎಂದು ಸುಮ್ಮನಾಗುತ್ತಿದ್ದರು. ಹೊರಗೆ ಎಂದರೆ ಮಾತ್ರ ಗಾದಿಯಿಂದ ಕೆಳಗಿಳಿದು ಬರುತ್ತಿದ್ದರು.

ಕಲಬುರಗಿ ಕಡೆಯ ಬಿಸಿಲಿನ ಮಾತನ್ನಷ್ಟೇ ಕೇಳಿದವರು ನಮ್ಮ ಕಡೆಯ ಥಂಡಿಯನ್ನು ನಂಬುವುದಿಲ್ಲ. ದೀಪಾವಳಿ ಕಳೆದರೆ ಸಂಕ್ರಾಂತಿಯವರೆಗೆ ಮೂಡಗಾಳಿ ಬಿಡದೆ ಬೀಸುತ್ತದೆ. ಕಲ್ಲಿನ ಮನೆಗಳು, ಫರಸಿ ಕಲ್ಲಿನ ನೆಲ. ಹೊರಗಿಗಿಂತ ಒಳಗೇ ಥಂಡಿ ಹೆಚ್ಚು. ಹಾಗಾಗಿ ಆ ಮೂರು ತಿಂಗಳು ಜನ ಬದುಕುವುದೇ ಅಂಗಳ, ಕಟ್ಟೆ, ಪಡಸಾಲೆಗಳಲ್ಲಿ. ಬೆಳಗಿನ ಬಿಸಿಲು ಅಲ್ಲಿ, ಅವರೆಕಾಯಿ ಸುಲಿಯುವುದು ಅಲ್ಲಿ, ಬಂದವರ ಜೊತೆ ಮಾತು ಅಲ್ಲಿ. ಆ ಜಾಗಕ್ಕೆ ಯಾವ ಬಟ್ಟೆ ಎಂಬುದನ್ನು ಮಾತ್ರ ಯಾರೂ ಯೋಚಿಸುತ್ತಿರಲಿಲ್ಲ. ಮನೆಯೊಳಗೆ ಹರಿದು ಬೇಡವಾದದ್ದು ಹೊರಗೆ ಹಾಸಿಗೆಯಾಗುತ್ತಿತ್ತು.

ನನ್ನ ಮದುವೆಯಾದದ್ದು ತೊಂಬತ್ತರ ದಶಕದ ಆರಂಭದಲ್ಲಿ. ಗಂಡನ ಮನೆ ಬಸವಕಲ್ಯಾಣ, ನನ್ನ ಕೆಲಸ ಹುಮನಾಬಾದಿನ ಒಂದು ಸರಕಾರಿ ಕಚೇರಿಯಲ್ಲಿ, ಟೈಪಿಸ್ಟ್. ಆ ಚಳಿಗಾಲ ನಮ್ಮ ಅತ್ತೆಗೆ ಮೊಣಕಾಲು ಹಿಡಿದುಕೊಂಡಿತು. ಅಂಗಳದ ಕಟ್ಟೆಗೆ ಗಾದಿ ಆಗಬೇಕು, ಅದೂ ಕೆಂಪು ಮಖಮಲ್ಲಿನದೇ ಆಗಬೇಕು ಎಂದು ಹಟ ಹಿಡಿದರು. ಎದುರು ಮನೆಯ ಬೀಗರು ನೋಡಬೇಕಲ್ಲ. ನಾನು ಹುಮನಾಬಾದಿನ ಆ ಅಂಗಡಿಗೆ ಹೋಗಿ ಮಖಮಲ್ಲು ಕೇಳಿದೆ. ಕಾಕಾ, "ಜಾಗಾ ನೋಡ್ದೆ ಹ್ಯಾಂಗ ಕೊಡ್ಲಿ?" ಎಂದರು. ನಾನು ಮಾತಿಗೆ ಹೇಳುತ್ತಾರೆ ಅಂದುಕೊಂಡೆ. ರವಿವಾರ ಸಂಜೆ ಬಸ್ಸಿಳಿದು ಮನೆ ಕೇಳಿಕೊಂಡು ಬಂದೇಬಿಟ್ಟರು.

ಬಂದವರು ಅಳತೆ ತೆಗೆಯಲಿಲ್ಲ. ಕಟ್ಟೆಯ ಮೇಲೆ ಸುಮ್ಮನೆ ಕುಳಿತರು. ಅರ್ಧ ತಾಸು ಕಳೆಯಿತು. ಅತ್ತೆ ಅಡುಗೆ ಮನೆಯಲ್ಲಿ ನನ್ನ ಕಿವಿಯಲ್ಲಿ, "ಇವರು ಅರಿವಿ ಮಾರಾಕ ಬಂದಾರೋ ಉಣ್ಣಾಕ ಬಂದಾರೋ ಕೇಳು" ಎಂದರು. ಅಷ್ಟರಲ್ಲಿ ಕಾಕಾ ಒಂದು ತಂಬಿಗೆ ನೀರು ಕೇಳಿದರು. ಜೇಬಿನಿಂದ ಒಂದೇ ಬಟ್ಟೆಯ ಮೂರು ಕರವಸ್ತ್ರ ತೆಗೆದು, ತೋಯಿಸಿ, ಹಿಂಡಿ, ಅಂಗಳದ ಮೂರು ಕಡೆ ಕಟ್ಟಿದರು. ಮತ್ತೆ ಕುಳಿತರು. ಎರಡು ಸಲ ಚಹಾ ಕುಡಿದರು. ನಾವು ಥಂಡಿ ಬರುವುದೆಲ್ಲ ದೊಡ್ಡ ಬಾಗಿಲಿನಿಂದ ಎಂದುಕೊಂಡು ಅಲ್ಲಿ ಗೋಣಿತಟ್ಟು ಕಟ್ಟಿದ್ದೆವು. ಮೊದಲು ಒಣಗಿದ್ದು ಬಾವಿಯ ಕಡೆಯ ಕರವಸ್ತ್ರ. "ನಿಮ್ಮ ಕಳ್ಳ ಈ ಕಡಿಂದ ಬರಾಕತ್ತಾನ್ರಿ. ನೀವು ಕೀಲಿ ಹಾಕಿದ್ದು ಆ ಕಡಿ" ಎಂದು ನಕ್ಕರು.

ಆಮೇಲೆ ಅತ್ತೆಯನ್ನು ಕಟ್ಟೆಯ ಮೇಲೆ ಕೂರಿಸಿ, ಸ್ವಲ್ಪ ಹೊತ್ತು ಬಿಟ್ಟು ಏಳಿಸಿದರು. "ಅಕ್ಕಾರ, ಈಗ ಕುಂತ ಜಾಗಾ ಮುಟ್ಟಿ ನೋಡ್ರಿ. ನಿಮ್ಮ ಮೈಯಾಗಿನ ಬೆಚ್ಚಗಂದೆಲ್ಲ ಕಲ್ಲು ಕುಡದದ. ಥಂಡಿ ಮ್ಯಾಲಿಂದ ಹಿಡಿಯಂಗಿಲ್ಲ, ಕೆಳಗಿಂದ ಹಿಡೀತದ. ಮಂದಿ ಹೊದಿಯಾಕ ಆರಿಸಿ ಆರಿಸಿ ತರ್ತಾರ, ಹಾಸಾಕ ಯಾವ್ದಾರ ಹಾಸ್ತಾರ."

ಕೆಳಗೆ ಗೋಣಿತಟ್ಟು, ಅದರ ಮೇಲೆ ಜಮಖಾನ, ಅದರ ಮೇಲೆ ತೆಳ್ಳನೆಯ ಗಾದಿ. ಗಾದಿಗೆ ಮಂಜರಪಾಟದ ಗವಸು. ಮಂಜರಪಾಟವೆಂದರೆ ದಪ್ಪ ಒರಟು ಹತ್ತಿ ಬಟ್ಟೆ, ನೋಡಲು ಚೆಂದವೇನಿಲ್ಲ. ಅದಕ್ಕೂ ಕಪ್ಪು ನೀಲಿ ಬಣ್ಣ ಹಾಕಿಸಬೇಕು, ಬಿಸಿಲು ಹೀರಿಕೊಂಡು ಸಂಜೆಯವರೆಗೆ ಬೆಚ್ಚಗಿರುತ್ತದೆ. ಬಾವಿಯ ಕಡೆಗೆ ಪರದೆ. ಅದು ತಾಡಪತ್ರಿಯದು, ಎಂದರೆ ಟಾರ್ಪಾಲಿನದು, ಆಗಬಾರದು, "ತಾಡಪತ್ರಿ ಹವಾನೂ ತಡೀತದ, ಉಸರನ್ನೂ ತಡೀತದ." ಎರಡು ಪದರ ಹತ್ತಿ ಬಟ್ಟೆ, ನಡುವೆ ನಾಲ್ಕು ಬೆರಳು ಸಂದು. ಕಬ್ಬಿಣದ ಬಳೆ ಬೇಡ, ಇಬ್ಬನಿಗೆ ತುಕ್ಕು ಹಿಡಿದು ಬಟ್ಟೆ ಕಲೆಯಾಗುತ್ತದೆ. ಬಟ್ಟೆಯದೇ ಕಸಿ, ಲಾಡಿ ಹಚ್ಚಿ ಕಟ್ಟಬೇಕು.

ಅತ್ತೆ ಎಲ್ಲವನ್ನೂ ಕೇಳಿ, "ಆತ್ರಿ ಸಾವಕಾರ್ರ. ಮಖಮಲ್ ಯಾವಾಗ ಕೊಡ್ತೀರಿ?" ಎಂದರು. ಕಾಕಾ ವಾದ ಮಾಡಲಿಲ್ಲ. ಮಖಮಲ್ಲಿನ ಗಾದಿ ಬಂತು, ಎದುರು ಮನೆಯವರು ನೋಡಿದರು, ಅತ್ತೆಗೆ ಹದಿನೈದು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಎಳ್ಳಮಾಸಿ ಅಮಾವಾಸ್ಯೆಯ ಹೊತ್ತಿಗೆ ಅದು ಇಬ್ಬನಿ ಕುಡಿದು ಕುಡಿದು ತೋಯ್ದ ಆಡಿನ ವಾಸನೆ ಹೊಡೆಯತೊಡಗಿತು. ಅದೇ ವಾರ ಕಾಕಾ ಬಗಲಲ್ಲಿ ಮಂಜರಪಾಟದ ಗಾದಿ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನು ಮೊದಲೇ ಹೇಳಿದ್ದೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಮಖಮಲ್ಲನ್ನು ಬಿಚ್ಚಿ, ಒಗೆದು, ಕತ್ತರಿಸಿ ದೇವರ ಜಗಲಿಗೆ ಹಾಸಿಕೊಟ್ಟರು. "ದೇವರಿಗಿ ಮೊಣಕಾಲ ನೋವಿಲ್ರಿ, ನಡೀತದ" ಎಂದರು. ಅವತ್ತಿನಿಂದ ನಮ್ಮ ಅತ್ತೆ ಅವರ ಭಕ್ತೆ.

ನಿರ್ಣಾದ ರೈತನೊಬ್ಬ ಬಂದು, ತನ್ನ ಬೀಗರ ಪಡಸಾಲೆಗೆ ಹಾಕಿದ ಪರದೆಯೇ ತನಗೂ ಬೇಕೆಂದು ಕುಳಿತದ್ದು ನೆನಪಿದೆ. "ಅವರ ಬಾಗಲ ಮೂಡಕ್ಕದ, ನಿಮ್ಮದು ಪಡುವಣಕ್ಕದ. ಗಾಳಿಗಿ ನಿಮ್ಮ ಬೀಗತನ ಗೊತ್ತಿಲ್ರಿ" ಎಂದು ಆತನ ಜೊತೆಗೇ ನಿರ್ಣಾದ ಬಸ್ಸು ಹತ್ತಿದರು. ಅಂಗಡಿ ಅರ್ಧ ದಿನ ಬಾಗಿಲು ಹಾಕಿತ್ತು. ವ್ಯಾಪಾರ ಹೀಗೆ ಮಾಡಿದರೆ ಉದ್ಧಾರವಾದಂತೆಯೇ ಎಂದು ಬಜಾರದವರು ಆಡಿಕೊಳ್ಳುತ್ತಿದ್ದರು.

ಅಷ್ಟು ಜನರ ಅಂಗಳ ನೋಡಿದ ಆ ಮನುಷ್ಯನಿಗೆ ಸ್ವಂತದ್ದೊಂದು ಅಂಗಳ ಇರಲಿಲ್ಲ. ಅಂಗಡಿಯ ಹಿಂದೆ ಒಂದು ಖೋಲಿ, ಕಿಟಕಿ ಇಲ್ಲ, ಮೇಲೆ ತಗಡು. ಅದೇ ಮನೆ. ಅಲ್ಲಿ ಅವರು ಮತ್ತು ಅವರ ಹೆಂಡತಿ. ಮಕ್ಕಳಿರಲಿಲ್ಲ. ಆಕೆಯನ್ನು ನಾನು ಕಾಕು ಎನ್ನುತ್ತಿದ್ದೆ. ಕಾಕುಗೆ ದಮ್ಮಿನ ಕಾಯಿಲೆ. ಥಂಡಿ ದಿನಗಳಲ್ಲಿ ಆ ಖೋಲಿಯಲ್ಲಿ ಕುಳಿತರೆ ಎದೆಯಲ್ಲಿ ಸಿಳ್ಳೆ ಹೊಡೆದಂತೆ ಸದ್ದಾಗುತ್ತಿತ್ತು. ಹೊರಗೆ ಬಂದರೆ ಉಸಿರು ಹಗುರಾಗುತ್ತಿತ್ತು. ಅವರ ಪಾಲಿಗೆ ಹೊರಗೆ ಎಂದರೆ ಅಂಗಡಿಯ ಮುಂದಿನ ಕಲ್ಲಿನ ಕಟ್ಟೆ, ಅಗಲ ನಾಲ್ಕು ಫೂಟು.

ಆ ನಾಲ್ಕು ಫೂಟಿಗೆ ಕಾಕಾ ತಮ್ಮ ವಿದ್ಯೆಯನ್ನೆಲ್ಲ ಸುರಿದಿದ್ದರು. ಕೆಳಗಿನ ಹಾಸು, ನೀಲಿ ಗಾದಿ, ಬೆನ್ನಿಗೆ ಲೋಡುದಿಂಬು. ಕಾಕುಗೆ ಹತ್ತಿಯ ಧೂಳು ಆಗುವುದಿಲ್ಲವೆಂದು ಗಾದಿಯೊಳಗೆ ಹತ್ತಿಯ ಬದಲು ಒಗೆದ ಹಳೆ ಧೋತರಗಳನ್ನು ಪದರ ಪದರವಾಗಿ ಹಾಕಿ ಹೊಲಿದಿದ್ದರು. ಉಣ್ಣೆಯ ಕಂಬಳಿಯನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಪರದೆಯನ್ನು ಗಾಳಿ ತಿರುಗಿದಂತೆಲ್ಲ ಬಿಚ್ಚಿ ಇನ್ನೊಂದು ಕಡೆ ಕಟ್ಟುತ್ತಿದ್ದರು. ನನ್ನ ಕಚೇರಿ ಹತ್ತಿರವೇ ಇದ್ದುದರಿಂದ ಮಧ್ಯಾಹ್ನದ ಬುತ್ತಿಯನ್ನು ನಾನು ಅಲ್ಲಿಯೇ ಬಿಚ್ಚುತ್ತಿದ್ದೆ. ಕಾಕು ತಮ್ಮ ಪುಂಡಿಪಲ್ಯವನ್ನು ನನ್ನ ರೊಟ್ಟಿಯ ಮೇಲೆ ಹಾಕುತ್ತಿದ್ದರು. ಒಳಗಿನಿಂದ ಕತ್ತರಿಯ ಸದ್ದು ಬರುತ್ತಿತ್ತು. ಅದು ನಿಂತರೆ ಕಾಕು ಕೆಮ್ಮಿದರು, ಕಾಕಾ ಕಿವಿಗೊಟ್ಟರು ಎಂದರ್ಥ. ಕೆಮ್ಮು ಇಳಿದ ಮೇಲೆ ಕತ್ತರಿ ಮತ್ತೆ ನಡೆಯುತ್ತಿತ್ತು.

"ಊರ ಮಂದಿಗೆಲ್ಲ ಅಂಗಳ ಬೆಚ್ಚಗ ಮಾಡ್ತಾರವಾ. ದೀಪದ ಬುಡಕ ಕತ್ತಲ" ಎಂದು ಕಾಕು ಗಂಡನಿಗೆ ಕೇಳುವಂತೆ ಹೇಳುತ್ತಿದ್ದರು. ಒಳಗಿನಿಂದ, "ಈ ಬುಡಕ್ಕ ಬಿಸಲು ಬೀಳ್ತದಲ್ಲ, ಮತ್ತೇನ್ ಬೇಕು?" ಎಂದು ಉತ್ತರ ಬರುತ್ತಿತ್ತು. ಹತ್ತು ವರ್ಷ ಹೀಗೇ ಊಟ ಮಾಡಿದೆವು.

ಎರಡು ಸಾವಿರದ ಇಸವಿ ಕಳೆದ ಮೇಲೆ ಬಜಾರದ ರಸ್ತೆ ಅಗಲ ಮಾಡುವ ಮಾತು ಬಂತು. ಅಂಗಡಿಗಳ ಮುಂದಿನ ಕಟ್ಟೆಗಳೆಲ್ಲ ಹೋಗಬೇಕು. ನೋಟೀಸುಗಳು ನಮ್ಮ ಕಚೇರಿಯಿಂದಲೇ ಹೋಗಬೇಕಿತ್ತು. ಟೈಪ್ ಮಾಡುವವಳು ನಾನು. ಕಾರ್ಬನ್ ಇಟ್ಟು, ನಾಲ್ಕು ಪ್ರತಿ, ಒಂದರ ಕೆಳಗೊಂದು ಹೆಸರು. ಅವರ ಹೆಸರು ಬಂದಾಗ ಬೆರಳು ನಿಂತಿತು. ನಿಂತು ಏನು ಮಾಡುವುದು, ಹೊಡೆದೆ.

ಮೂರನೆಯ ದಿನ ಕಾಕಾ ಕಚೇರಿಗೆ ಬಂದರು. ಸಾಹೇಬರ ಕೋಣೆಗೆ ಹೋಗಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನನ್ನ ಮೇಜಿನ ಮುಂದೆ ನಿಂತರು.

"ಯವ್ವಾ, ನೀ ಇದರಾಗ ಇದ್ದಾಕಿ. ಆ ನಾಕ ಫೂಟ ಉಳೀಬೇಕಂದ್ರ ಏನ್ ಮಾಡ್ಬೇಕು? ಅಂಗಡಿ ಸಲವಾಗಿ ಕೇಳಾಕತ್ತಿಲ್ಲ. ನಿನಗ ಗೊತ್ತೇ ಅದ."

ನಮ್ಮ ಊರುಗಳಲ್ಲಿ ಕಚೇರಿಯೊಳಗೆ ಕುರ್ಚಿ ಇದ್ದವರಿಗೆಲ್ಲ ಕಾನೂನು ಗೊತ್ತಿದೆ ಎಂಬ ನಂಬಿಕೆ. ಬಾಗಿಲಲ್ಲಿ ಕೂರುವ ಜವಾನನ ಸಲಹೆ ಕೇಳಿ ಹೊಲ ಪಾಲು ಮಾಡಿಕೊಂಡವರಿದ್ದಾರೆ. ಇದಕ್ಕಿಂತ ದೊಡ್ಡ ತಪ್ಪು ಎಂದರೆ, ಕುರ್ಚಿಯಲ್ಲಿ ಕೂತ ನಮಗೂ ಆ ನಂಬಿಕೆ ಅಂಟಿಕೊಳ್ಳುವುದು. ನನಗೆ ಗೊತ್ತಿಲ್ಲ ಕಾಕಾ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಹಿಂದಿನ ದಿನ ಸಾಹೇಬರು ಯಾರಿಗೋ, "ಪಕ್ಕಾ ಕಟ್ಟಿದ್ದಷ್ಟೇ ತಗೀರಿ" ಎಂದದ್ದು ಕಿವಿಗೆ ಬಿದ್ದಿತ್ತು. ಆ ಒಂದು ಮಾತನ್ನು ಹಿಡಿದು ದೊಡ್ಡ ವಕೀಲಳಂತೆ ಹೇಳಿದೆ.

"ಕಲ್ಲಿನ ಕಟ್ಟಿ ಇದ್ರ ತಗೀತಾರ ಕಾಕಾ. ನೀವೇ ಮೊದ್ಲು ಕಟ್ಟಿ ತಗದು ಅಲ್ಲೇ ಒಂದ್ ಹೊರಸು ಹಾಕ್ರಿ, ಪರದಾ ಕಟ್ರಿ. ಎತ್ತಿ ಇಡೋ ಸಾಮಾನಕ್ಕ ಯಾರೂ ಕೈ ಹಚ್ಚಂಗಿಲ್ಲ."

"ಖರೇನಾ?"

"ಖರೇ ಕಾಕಾ."

ಮೂರು ಕರವಸ್ತ್ರ ಒಣಗಿಸದೆ ಗಾಳಿಯ ಮಾತನ್ನೂ ನಂಬದ ಮನುಷ್ಯ ನನ್ನ ಮಾತನ್ನು ನಂಬಿಬಿಟ್ಟರು. ಎರಡೇ ದಿನದಲ್ಲಿ ತಾವೇ ನಿಂತು ಕಟ್ಟೆಯ ಕಲ್ಲು ತೆಗೆಸಿದರು. ಹಗ್ಗದ ಮಂಚದಂಥ ಹೊರಸು ತಂದು, ಅದರ ಅಳತೆಗೆ ಹೊಸ ಹಾಸು ಹೊಲಿದರು.

ಆ ಕಡೆ ಬಜಾರದವರು ಒಟ್ಟಾಗಿ ಅರ್ಜಿಗೆ ಸಹಿ ಹಾಕಿ ವಕೀಲರನ್ನು ಹಿಡಿದಿದ್ದರು. ತಡೆಯಾಜ್ಞೆ ಬಂತು. ತೀರ್ಮಾನವಾಗುವವರೆಗೆ ನಿಂತದ್ದೆಲ್ಲ ನಿಂತ ಹಾಗೆಯೇ ಇರಬೇಕು. ಇಡೀ ಸಾಲಿನ ಕಟ್ಟೆಗಳು ಉಳಿದವು. ಒಬ್ಬರ ಅಂಗಡಿಯ ಮುಂದೆ ಮಾತ್ರ ನಿಂತದ್ದು ಏನೂ ಇರಲಿಲ್ಲ. ಒಂದು ಹೊರಸು ಇತ್ತು. ದಾರಿಗೆ ಅಡ್ಡ ಎಂದು ಅದನ್ನು ಒಂದು ಬೆಳಿಗ್ಗೆ ಪರದೆ ಸಮೇತ ಟ್ರ್ಯಾಕ್ಟರಿಗೆ ಹಾಕಿಕೊಂಡು ಹೋದರು. ಆ ವಾರವೇ ಅಲ್ಲಿ ಚರಂಡಿ ತೋಡಿದರು. ಕೆಲಸ ಶುರು ಮಾಡಲು ಅವರಿಗೆ ಖಾಲಿ ಸಿಕ್ಕ ಜಾಗ ಅದೊಂದೇ.

ನಾನು ಸಾಹೇಬರ ಮುಂದೆ ಹೋಗಿ ನಿಂತೆ. "ಅವರೇ ತಗದುಕೊಂಡಾರಲ್ರಿ ಬಾಯಿ, ಈಗ ನಾ ಏನ್ ಮಾಡ್ಲಿ?" ಎಂದರು. ಒಳ್ಳೆಯವರೇ. ಹೇಳಿದ್ದೂ ಸರಿಯೇ. ವಕೀಲರ ಹತ್ತಿರ ಹೋದೆ. "ಇಲ್ಲದ ಕಟ್ಟಿಗಿ ತಡಿ ಹ್ಯಾಂಗ ಕೊಡ್ತಾರವಾ?" ಎಂದರು. ಅದೂ ಸರಿಯೇ. ಎಲ್ಲರೂ ಸರಿಯಿದ್ದರು. ತಪ್ಪಿದವಳು ನಾನೊಬ್ಬಳು. ನನ್ನ ಕೈಯಲ್ಲಿ ಮಾಡುವುದು ಇನ್ನೇನೂ ಉಳಿದಿರಲಿಲ್ಲ.

ಆ ಚಳಿಗಾಲ ಕಾಕು ಖೋಲಿಯೊಳಗೆ ಕಳೆದರು. ಚರಂಡಿಯ ಮೇಲೆ ಒಂದು ಹಲಗೆ ಇಟ್ಟಿದ್ದರು, ಅದನ್ನು ದಾಟುವ ಕಾಲು ಆಕೆಗಿರಲಿಲ್ಲ. ಪಕ್ಕದ ಅಂಗಡಿಯ ಕಟ್ಟೆಯ ಮೇಲೆ ಕೂಡಲು ಆ ಅಂಗಡಿಯವರೇ ಕರೆದರು. "ಮಂದಿ ಕಟ್ಟಿ ಮ್ಯಾಲ ಮಂದಿ ಹಂಗ ಕುಂದ್ರಲ್ಯಾ?" ಎಂದು ಕಾಕು ಒಪ್ಪಲಿಲ್ಲ. ನಾನು ಬುತ್ತಿ ತೆಗೆದುಕೊಂಡು ಒಳಗೇ ಹೋಗತೊಡಗಿದೆ. ಹಗಲಲ್ಲೇ ದೀಪ ಹಾಕಿಕೊಂಡು ಉಣ್ಣಬೇಕಿತ್ತು.

ಒಂದು ಮಧ್ಯಾಹ್ನ ಕಾಕು ಪಲ್ಯ ಬಡಿಸುತ್ತಾ, ಉಸಿರು ಎಳೆದು ಎಳೆದು ಹೇಳಿದರು. "ಇವರಿಗಿ ಬುದ್ಧಿ ಎಲ್ಲಿ ಹೋಗಿತ್ತೋ ಏನೋ ನೋಡವಾ. ಎಲ್ಲಾರೂ ಸುಮ್ಮ ಇದ್ರು. ಇವರೊಬ್ಬರು ಯಾರನ್ನೂ ಕೇಳ್ದೆ, ತಾವೇ ನಿಂತು ಕಟ್ಟಿ ಒಡಿಸಿದ್ರು. ಹೋಗಲಿ, ನಿನ್ನನ್ನರ ಒಂದ್ ಮಾತು ಕೇಳಬೇಕಿಲ್ಲ? ನೀ ಕಚೇರ್ಯಾಗ ಇದ್ದಾಕಿ, ಬರೋಬ್ಬರಿ ಹೇಳ್ತಿದ್ದಿ."

ಬಾಗಿಲ ಆಚೆ ಕಾಕಾ ಬಟ್ಟೆ ಅಳೆಯುತ್ತಿದ್ದರು. ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಅಳತೆ ಮರೆತವರಂತೆ ಅದೇ ಬಟ್ಟೆಯನ್ನು ಮೊದಲಿನಿಂದ ಅಳೆಯತೊಡಗಿದರು. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಳ್ಳುತ್ತಾ ನಾನು ಆ ಊಟ ಮುಗಿಸಿದೆ. ಕೈ ತೊಳೆದುಕೊಂಡು ಕಚೇರಿಗೆ ಹೋದೆ.

ನಮ್ಮ ಅಂಗಳಕ್ಕೆ ಬಂದು ಥಂಡಿ ಮುಗಿಯುವವರೆಗೆ ಇರಿ ಎಂದು ಕರೆದೆ. ಅತ್ತೆಯೂ ಹೇಳಿ ಕಳಿಸಿದರು. "ಇವರಿಗಿ ರೊಟ್ಟಿ ಬಡ್ಯಾವ್ರು ಯಾರು?" ಎಂದು ಕಾಕು ನಕ್ಕರು. ಮರುವರ್ಷದ ಚಳಿಗಾಲಕ್ಕೆ ಆಕೆಗೆ ರೊಟ್ಟಿ ಬಡಿಯುವಷ್ಟು ಉಸಿರು ಉಳಿದಿರಲಿಲ್ಲ. ಹಾಗಾಗಿ ಆ ನೆಪವೂ ಇರಲಿಲ್ಲ. ಬರುತ್ತೇನೆ ಎಂದರು.

ಕಾಕಾ ಒಂದು ರವಿವಾರ ಮುಂಚೆಯೇ ಬಂದು ನಮ್ಮ ಅಂಗಳದಲ್ಲಿ ಕುಳಿತರು. ಹತ್ತು ಹನ್ನೆರಡು ವರ್ಷದ ಹಿಂದೆ ನೋಡಿದ ಜಾಗ, ಮತ್ತೆ ಮೂರು ಕರವಸ್ತ್ರ ಕಟ್ಟಿದರು. ಆಮೇಲೆ ಅಂಗಡಿಯಲ್ಲಿ ಬಟ್ಟೆಯ ಥಾನು ಬಿಚ್ಚಿ ಬಿಚ್ಚಿ ಗಲ್ಲಕ್ಕೆ ಒತ್ತಿ ಪಕ್ಕಕ್ಕಿಡುವುದನ್ನು ನಾನು ನೋಡಿದೆ. ಯಾವುದೂ ಒಪ್ಪಿಗೆಯಾಗುತ್ತಿರಲಿಲ್ಲ. "ಮಂದಿಗಿ ಆರಿಸೋದು ಸಲೀಸ ಇತ್ತವಾ" ಎಂದರು. ಕೊನೆಗೆ ಮಂಜರಪಾಟವನ್ನೇ ಹತ್ತು ಸಲ ಒಗೆಸಿ ಮೆತ್ತಗೆ ಮಾಡಿ ಹೊಲಿದರು. ಗಾದಿ, ಲೋಡು, ಎರಡು ಪದರದ ಪರದೆ, ಎಲ್ಲವನ್ನೂ ತಂದು ನಮ್ಮ ಅಂಗಳದಲ್ಲಿ ಸಜ್ಜು ಮಾಡಿ ಹೋದರು. ಎಳ್ಳಮಾಸಿ ಮುಗಿಸಿ ಬರುವುದೆಂದು ಮಾತಾಯಿತು. ಬರುವ ದಿನ ದಮ್ಮು ಜೋರಾಯಿತು. ಡಾಕ್ಟರು ಪ್ರಯಾಣ ಬೇಡ, ನಾಲ್ಕು ದಿನ ತಡೆಯಿರಿ ಎಂದರು. ತಡೆದೆವು. ಸಂಕ್ರಾಂತಿಗೆ ಮುಂಚೆ, ಆ ಕಿಟಕಿ ಇಲ್ಲದ ಖೋಲಿಯಲ್ಲಿ ಕಾಕು ಹೋದರು.

ಕೋರ್ಟಿನಲ್ಲಿ ಬಜಾರದವರು ಆಮೇಲೆ ಸೋತರು. ಎಲ್ಲ ಕಟ್ಟೆಗಳೂ ಹೋದವು. "ನೀವೇ ಶಾಣ್ಯಾರು ನೋಡ್ರಿ ಸಾವಕಾರ್ರ, ಮೊದ್ಲೇ ತಗದ್ರಿ" ಎಂದು ಜನ ಅವರಿಗೆ ಹೇಳುತ್ತಿದ್ದರು. ಕಾಕಾ ಹೌದ್ರಿ ಎನ್ನುತ್ತಿದ್ದರು. ಒಳಗೋ ಹೊರಗೋ ಎಂದು ಗಿರಾಕಿಗಳನ್ನು ಕೇಳುವುದು ನಿಂತುಹೋಯಿತು. ಕೇಳಿದ್ದನ್ನು ಕೊಡುತ್ತಿದ್ದರು.

ಕಾಕುಗಾಗಿ ಹೊಲಿದ ಆ ಗಾದಿ ನಮ್ಮ ಮನೆಯಲ್ಲಿಯೇ ಇದೆ. ವಾಪಸು ಕೊಡಲು ಹೋದಾಗ, "ಒಯ್ದು ಎಲ್ಲಿ ಹಾಸ್ಲಿ ಯವ್ವಾ?" ಎಂದಿದ್ದರು. ಅತ್ತೆ ಇರುವವರೆಗೆ ಅದನ್ನು ಬಿಸಿಲಿಗೆ ಹಾಕುತ್ತಿದ್ದರು, ಕೂಡುತ್ತಿರಲಿಲ್ಲ. ನಾನೂ ಕೂತಿಲ್ಲ.

ಒಂದೇ ಒಂದು ಸಲ, ಕಾಕು ಹೋಗಿ ಮೂರು ವರ್ಷವಾದ ಮೇಲೆ, ಧೈರ್ಯ ಮಾಡಿ ಕೇಳಿದೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಕಾಕಾ, ಕಟ್ಟಿ ನನ್ನ ಮಾತಿನ ಮ್ಯಾಲ ತಗಸಿದ್ದು ಅಂತ ಕಾಕುಗ ಯಾಕ ಹೇಳ್ಲಿಲ್ಲ? ಆಕಿ ಕಡೀತನಕ ನಿಮ್ಮನ್ನೇ ಬೈದ್ರು."

ಅವರ ಕೈಯಲ್ಲಿ ಯಾವುದೋ ಬಟ್ಟೆಯ ತುಂಡಿತ್ತು. ಅಭ್ಯಾಸದಂತೆ ಗಲ್ಲಕ್ಕೆ ಒತ್ತಿಕೊಂಡು ಕಣ್ಣು ಮುಚ್ಚಿದರು.

"ಕಟ್ಟಿ ಹೋಗಿತ್ತು, ಬಿಸಲು ಹೋಗಿತ್ತು. ನಿನ್ನ ಜೋಡಿ ಕುಂತು ಉಣ್ಣಾದೊಂದು ಆಕಿಗಿ ಉಳದಿತ್ತವಾ. ಅದನ್ನೂ ನಾ ಯಾಕ ಕಸೀಲಿ?"